ಬುಕ್ರಾ

ಶಾರ್ಜಾದ ಈ ಮೂಲೆಗೆ ಸಜಾ ಅಂತ ಹೆಸರು.
ನಮ್ಮ ಕಡೆ ಅದನ್ನು ಜಡ್ಜು ಓದಿ ಹೇಳುತ್ತಾರೆ,
ಇಲ್ಲಿ ಬೋರ್ಡಿನ ಮೇಲೆ ಬರೆದಿದೆ.
ಟಿಕೆಟ್ಟು ಕೊಂಡು ಹೋಗಿ ಇಳಿಯುತ್ತೇನೆ.

ಬೆಳಗಿನ ಆರಕ್ಕೇ ಬಿಸಿಲು ತಗಡಿನ ಗೇಟಿಗೆ ಒರಗಿ ನಿಂತಿರುತ್ತದೆ,
ನನಗಿಂತ ಮೊದಲೇ ಕ್ಯೂಗೆ ಬಂದವನ ಹಾಗೆ.
ಒಳಗೆ ಟ್ರೇಲರುಗಳು
ಗಾಳಿಯಿಳಿದ ಟೈರಿನ ಕಡೆಗೆ ವಾಲಿಕೊಂಡು,
ಧೂಳು ಕೂತ ಗಾಜಿನ ಮೇಲೆ ಯಾರೋ
ಬೆರಳಲ್ಲಿ ಗೀಚಿದ ಉರ್ದು ಬೈಗುಳ.

ಮೊದಲ ಯಾರ್ಡು: ಶುಗುಲ್ ಮಾಫಿ.
ಎರಡನೆಯದರಲ್ಲಿ ಸೈದಾಲಿ, ಮಲಪ್ಪುರದವನು,
ನನ್ನ ಲೈಸೆನ್ಸು ತಿರುಗಿಸಿ ತಿರುಗಿಸಿ ನೋಡಿ
‘ಹೆವಿ ಇದೆ, ಹದಿನೇಳು ವರ್ಷ ಇದೆ, ಎಲ್ಲ ಇದೆ ಭಾಯಿ,
ಲೋಡು ಎಲ್ಲಿದೆ?’ ಅಂದ.

ಲೋಡು ಎಲ್ಲಿದೆ ಅಂತ ನನಗೆ ಗೊತ್ತು.
ರಾಸ್ ಅಲ್ ಖೈಮಾದ ಬೆಟ್ಟ ಕಡಿದು ಹೇರಿಕೊಂಡು
ಹಗಲೂ ರಾತ್ರಿ ಕಡಲಿಗೆ ಸುರಿದವನು ನಾನು.
ಅದೊಂದು ದ್ವೀಪ ಆಗಬೇಕಿತ್ತು.
ನೆಲ ಅರ್ಧ ಮೇಲೆದ್ದಾಗ ದುಡ್ಡು ಮುಳುಗಿತು.
ಈಗ ಅಲ್ಲಿ ನೀರುಕಾಗೆಗಳು ಇವೆಯಂತೆ,
ಬಾಡಿಗೆಯಿಲ್ಲ, ಅಡ್ವಾನ್ಸಿಲ್ಲ.

ಮೂರನೆಯ ಗೇಟು, ನಾಲ್ಕನೆಯದು, ಹನ್ನೊಂದನೆಯದು:
ಬುಕ್ರಾ.
ಬುಕ್ರಾ.
ಇನ್‌ಶಾಲ್ಲಾ, ಬುಕ್ರಾ.

ಹೊಸಕೋಟೆಯ ವಠಾರದಲ್ಲಿ ಅಜ್ಜಿ
ಇದ್ದಿಲು ಕೈಗೆ ಕೊಟ್ಟು ಬಾಗಿಲ ಮೇಲೆ
ನನ್ನಿಂದ ಬರೆಸುತ್ತಿದ್ದಳು: ನಾಳೆ ಬಾ.
ರಾತ್ರಿ ದೆವ್ವ ಬರುತ್ತದಂತೆ,
ನಮ್ಮವರದೇ ದನಿಯಲ್ಲಿ ಕೂಗುತ್ತದಂತೆ,
ಓದಿಕೊಂಡು ವಾಪಸು ಹೋಗುತ್ತದಂತೆ.
ಮರುದಿನ ಬಂದು ಮತ್ತೆ ಅದನ್ನೇ ಓದುತ್ತದಂತೆ.
ಎಂಥ ಪೆದ್ದು ದೆವ್ವ ಅಂತ ನಗುತ್ತಿದ್ದೆ.
ಪೆದ್ದಲ್ಲ ಅಜ್ಜಿ.
ಅದಕ್ಕೆ ಬೇರೆ ಬೀದಿ ಗೊತ್ತಿರಲಿಲ್ಲ, ಅಷ್ಟೆ.

ರೂಮಿನಲ್ಲಿ ಎಂಟು ಮಂಚ, ಮೂವರಿಗೆ ಕೆಲಸ.
ಗುಲ್‌ಜಮಾನ್ ಕುಬ್ಬೂಸು ಹರಿದು ಅರ್ಧ ನನಗೆ ಕೊಟ್ಟು
‘ಓಡುವಾಗ ನೋಯದ ಸೊಂಟ ನಿಂತಾಗ ನೋಯುತ್ತೆ, ನೋಡು’ ಅನ್ನುತ್ತಾನೆ.
ಮನೆಗೆ ಫೋನು ಮಾಡಲು ಹೈವೇ ಪಕ್ಕಕ್ಕೆ ಹೋಗುತ್ತೇನೆ.
ಯಾರದೋ ಲಾರಿ ಭರ್ರನೆ ಹಾದುಹೋಗುವಾಗ
‘ಡ್ಯೂಟಿಲಿದೀನಿ ಕಣೇ, ಆಮೇಲೆ ಮಾಡ್ತೀನಿ’ ಅಂತ
ಕೂಗಿ ಹೇಳುತ್ತೇನೆ ಹೊಂಬಾಳೆಗೆ.
‘ನಿಧಾನ ಓಡ್ಸಿ’ ಅನ್ನುತ್ತಾಳೆ.

ವೀಸಾಕ್ಕೆ ಒಂಬತ್ತು ದಿನ ಇರುವಾಗ
ಸೈದಾಲಿಯೇ ಕರೆದ. ಮೂರು ದಿನದ ಕೆಲಸ,
ಗಾಡಿಗೆ ಇಷ್ಟು ಅಂತ ಕೈಮೇಲೆ ದುಡ್ಡು.
ಬ್ಯಾಂಕು ಹಿಡಿದ ಲಾರಿಗಳನ್ನು
ಹರಾಜಿನ ಅಂಗಳಕ್ಕೆ ಓಡಿಸಿ ಬಿಡಬೇಕು, ಒಟ್ಟು ಮೂವತ್ತೊಂದು.
ಬೇಡ ಅನ್ನುವ ಬಾಯಿ ನನಗಿರಲಿಲ್ಲ.

ಒಂಬತ್ತನೆಯದು ನನ್ನದು.
ನಂಬರು ನೋಡುವ ಮೊದಲೇ ಅಂಗೈ ಹೇಳಿತು:
ಗೇರಿನ ತಲೆಗೆ ನಾನೇ ಸುತ್ತಿದ ಸೈಕಲ್ ಟ್ಯೂಬು.
ಸೀಟಿನಡಿ ಹಾರ್ಲಿಕ್ಸ್ ಬಾಟಲಿ,
ತಳದಲ್ಲಿ ಎರಡು ಹಿಡಿ ರಾಗಿಹಿಟ್ಟು,
ಹುಳ ಬಿದ್ದು, ಆ ಹುಳವೂ ಸತ್ತು.
ಪಕ್ಕದ ಗಾಡಿಯಿಂದ ಕರೆಂಟು ಸಾಲ ತಂದು ಕೊಟ್ಟರೆ
ಎರಡನೇ ಕೆಮ್ಮಿಗೇ ಎದ್ದಿತು.
ಅಷ್ಟು ಬೇಗ ಏಳಬಾರದಿತ್ತು.

ಇಪ್ಪತ್ತೆರಡು ಕಿಲೋಮೀಟರು.
ಖಾಲಿ ಡಬ್ಬ ಹಿಂದೆ ಲೊಡಲೊಡ,
ಹೇರಿಲ್ಲದ ಗಾಡಿಗೆ ಮಾತು ಜಾಸ್ತಿ.
ಬಲಗಡೆಯ ಸಾಲಿನಲ್ಲಿ ನಲವತ್ತರ ಮೇಲೆ ಹೋಗಲಿಲ್ಲ ನಾನು,
ಹಿಂದಿನವರು ಹಾರನ್ನು ಹೊಡೆದೇ ಹೊಡೆದರು.
ಅದೇ ಹೊತ್ತಿಗೆ ಹೊಂಬಾಳೆಯ ಫೋನು.
ಎತ್ತಲಿಲ್ಲ. ಅವತ್ತು
ನಿಜವಾಗಿಯೂ ಡ್ಯೂಟಿಯಲ್ಲಿದ್ದೆ.

ಹರಾಜಿನ ಗೇಟಲ್ಲಿ ಪೋಖ್ರೆಲ್ ಅನ್ನುವ ನೇಪಾಳಿ ಹುಡುಗ
ಗಾಜಿನ ಮೇಲೆ ಸುಣ್ಣದಕಡ್ಡಿಯಲ್ಲಿ ಒಂಬತ್ತು ಅಂತ ಬರೆದು
ಕೀಲಿ ಇಸಕೊಂಡು ಕೇಳಿದ:
‘ಇನ್ನೂ ಇವೆಯಾ?’

ಬಾಟಲಿ ಕಂಕುಳಲ್ಲಿತ್ತು.
ಬಿಸಿಲು ಇಳಿದಿತ್ತು, ಗೇಟು ಅರ್ಧ ತೆರೆದಿತ್ತು.
ಬುಕ್ರಾ ಅಂದೆ.
ಅವನು ತಲೆಯಾಡಿಸಿ ಬಾಗಿಲೆಳೆದುಕೊಂಡ.