ಎರಡನೇ ಮುದ್ದೆ

ಎನ್ನೆಸ್ಸೆಸ್ ಕ್ಯಾಂಪು. ಏಳು ದಿನ, ಅರವತ್ತೆರಡು ಮಕ್ಕಳು,
ತಲೆಗೆ ದಿನಕ್ಕೆ ಐವತ್ತೈದು ರೂಪಾಯಿ.
ಕಾಮರ್ಸ್ ಮೇಷ್ಟ್ರು ನಾನು, ಗೀಟು ಹಾಕಿ ಪಟ್ಟಿ ಬರೆದೆ:
ಸೋಮವಾರ ಪಲಾವ್, ಮಂಗಳವಾರ ಚಪಾತಿ ಸಾಗು.

ಅಕ್ಕಯ್ಯಮ್ಮ ಪಟ್ಟಿ ಓದಲಿಲ್ಲ.
ಒಲೆಯ ಕಲ್ಲು ಸರಿಸುತ್ತಾ
"ಚಪಾತಿ ಯಾರು ಲಟ್ಟಿಸ್ತಾರೆ, ನೀವಾ?" ಅಂದರು.
ಚಪಾತಿ ಹೋಯಿತು. ಮುದ್ದೆ ಬಂತು.

ವಡ್ಡಹಳ್ಳಿ ಮಂಡಿಯಲ್ಲಿ ಟೊಮೆಟೊ ರೇಟು ಬಿದ್ದಿತ್ತು,
ಕ್ರೇಟಿಗೆ ಎಪ್ಪತ್ತು; ಬೈಕಿನ ಹಿಂದೆ ಕಟ್ಟಿಕೊಂಡು ಬಂದೆ.
ಹುರುಳಿ ಬೇಯಿಸಿ ಬಸಿದರೆ ಕಟ್ಟು ಬಸ್ಸಾರು,
ಉಳಿದ ಕಾಳು ಒಗ್ಗರಣೆ ಬಿದ್ದು ಪಲ್ಯ.
ಖರ್ಚು ಒಂದು ಸಾಲು, ಊಟ ಎರಡು:
ಇದನ್ನು ಯಾವ ಲೆಡ್ಜರಿಗೆ ಏರಿಸುವುದೋ ನನಗೆ ಗೊತ್ತಿಲ್ಲ.

ಮೂರನೇ ರಾತ್ರಿ, ಚರಂಡಿ ತೋಡಿ ಬಂದ ಹುಡುಗರು
ಮುದ್ದೆಯ ಮೇಲೆ ಮುದ್ದೆ.
"ಶುಕ್ರವಾರಕ್ಕೇ ರಾಗಿ ಮುಗಿಯುತ್ತೆ" ಅಂದೆ, ಮೆಲ್ಲಗೆ.
ಮೆಲ್ಲಗೆ ಅಂದದ್ದೂ ಯಾರಿಗೋ ಕೇಳಿಸಿತ್ತು.
ಮಾರನೇ ದಿನ ಎರಡನೇ ಮುದ್ದೆಗೆ
ಒಬ್ಬರೂ ಕೇಳಲಿಲ್ಲ.
"ಸಾಕು ಸಾರ್." "ಚಾಲು ಸಾರ್."

ಅಕ್ಕಯ್ಯಮ್ಮ ಮುದ್ದೆ ಬುಟ್ಟಿ ಸೊಂಟಕ್ಕಿಟ್ಟು
ಸಾಲಿನುದ್ದ ನಡೆದರು.
"ಬಾಯಿ ಮಾತು ಬಿಡಿ ಮೇಷ್ಟ್ರೇ, ಕೈ ನೋಡಿ.
ಹೊಟ್ಟೆ ತುಂಬಿದೋರು ತಟ್ಟೆ ಮುಚ್ಕೋತಾರೆ."
ಯಾರ ಕೈಯೂ ತಟ್ಟೆಯ ಮೇಲಿರಲಿಲ್ಲ.

ಆ ರಾತ್ರಿ ಕೊನೆಯ ದಿನದ ಮೈಸೂರುಪಾಕು ಹೊಡೆದುಹಾಕಿ
ಇಪ್ಪತ್ತು ಸೇರು ರಾಗಿ ಎಂದು ಬರೆದೆ.
ಷರಾ ಕಾಲಂ ಖಾಲಿ.
ಹೊರಗೆ, ಟ್ಯೂಬ್‌ಲೈಟಿನ ಕೆಳಗೆ, ಅಕ್ಕಯ್ಯಮ್ಮ
ನಾಳೆಗೆ ಹುರುಳಿ ನೆನೆಹಾಕುತ್ತಿದ್ದರು,
ಅಳೆಯದೆ.