ಐದೂವರೆ ಮನೆ

ಬಂದರಿನ ಒಣಮೆಣಸಿನ ಮಂಡಿಯ ಮೇಲೆ
ನನ್ನ ಪಾಠದ ಕೋಣೆ.
ಶನಿವಾರ ಕೆಳಗೆ ಗೋಣಿ ಬಿಚ್ಚಿದರೆ
ಮೇಲೆ ತಾರಷಡ್ಜಕ್ಕೆ ಸರಿಯಾಗಿ
ಒಬ್ಬರಿಗಾದರೂ ಸೀನು.
ಬಾಡಿಗೆ ಕಡಿಮೆ. ಹೇಳುವುದೇನು.

ಹನ್ನೊಂದು ಮಕ್ಕಳು, ಐದು ಪಿಟೀಲು,
ಅದರಲ್ಲಿ ಒಂದಕ್ಕೆ ಕುದುರೆಯಿಲ್ಲ.
ವೆನಿಶಾ ಕ್ರಾಸ್ತಾ ಇಗರ್ಜಿಯಲ್ಲಿ ನಿಂತು ನುಡಿಸುವವಳು,
ಇಲ್ಲಿ ಚಕ್ಕಳಮಕ್ಕಳ ಕೂತರೆ ಕಾಲು ಜೋಮು.
ಮೊದಲ ಸಲ ಗಮಕ ಕೇಳಿ ಅವಳಂದದ್ದು:
"ಮಿಸ್, ಸ್ವರ ಅಲುಗಾಡ್ತಾ ಉಂಟು. ಸರಿ ಮಾಡ್ಲಾ?"
ಸರಿ ಮಾಡಬೇಡ ಮಗಾ,
ಅದನ್ನೇ ಕಲಿಯಲಿಕ್ಕೆ ನೀನು ಬಂದದ್ದು.

ರಿತೇಶ ಕುಂದರ್ ಬರುವುದು ಬೆಂಗ್ರೆಯಿಂದ, ಹೊಳೆ ದಾಟಿ,
ಏಳು ವರ್ಷದವನಿದ್ದಾಗಿನಿಂದ.
ಅವನಿದ್ದರೆ ಶ್ರುತಿಪೆಟ್ಟಿಗೆ ಬೇಡ.
ಕರೆಂಟು ಹೋದ ದಿನ "ರಿತೇಶಾ, ಸ ಕೊಡು" ಅಂದರೆ
ಕಿಸೆಯಿಂದ ಪೆಪ್ಪರಮಿಂಟು ತೆಗೆದ ಹಾಗೆ ಕೊಡುತ್ತಿದ್ದ,
ಐದೂವರೆ ಮನೆಯ ಷಡ್ಜ,
ಕೂದಲೆಳೆಯಷ್ಟೂ ಅತ್ತಿತ್ತ ಇಲ್ಲ.

ಈ ಜೂನಿಗೆ ಎಂಟನೆಯ ತರಗತಿ.
ಮೀಸೆಯಲ್ಲ, ಮೀಸೆಯ ಸುದ್ದಿ ಮಾತ್ರ.
ಪಂಚಮದವರೆಗೆ ಸರಾಗ ಹತ್ತಿದ;
ಧೈವತದಲ್ಲಿ ಮೆಟ್ಟಿಲು ಇರಲಿಲ್ಲ.
ಕೋಣೆಯೆಲ್ಲ ಮೌನ. ಆಮೇಲೆ ಹಿಂದಿನಿಂದ ಯಾರೋ,
"ಕಪ್ಪೆ".
ನಕ್ಕರು. ಅವನೂ ನಕ್ಕ.
ಅವನು ನಕ್ಕದ್ದೇ ನನಗೆ ತಾಗಿದ್ದು.

ಮೂರು ವಾರ ಬರೇ ತುಟಿ ಆಡಿಸಿದ.
ಹಾಡುವ ತುಟಿಗೂ ಆಡಿಸುವ ತುಟಿಗೂ
ವ್ಯತ್ಯಾಸ ತಿಳಿಯದಿದ್ದರೆ
ಮೂವತ್ತು ವರ್ಷ ನಾನು ಮಾಡಿದ್ದಾದರೂ ಎಂತ?

ಅವನಮ್ಮ ಫೋನು ಮಾಡಿದರು, ಹಿಂದೆ ಮೀನಿನ ಏಲದ ಗಲಾಟೆ:
"ಟೀಚರೇ, ಸ್ವರ ಹೋಯ್ತಲ್ಲ ಅವನಿಗೆ. ಬಿಡಿಸುವುದಾ?"

ಹೋದದ್ದಲ್ಲ, ಹೊರಟದ್ದು.
ಶ್ರುತಿಗೆ ಮನೆ ಅನ್ನುತ್ತೇವೆ ನಾವು, ಒಂದು ಮನೆ, ಐದು ಮನೆ;
ಹುಡುಗ ಮನೆ ಬದಲಾಯಿಸುತ್ತಿದ್ದಾನೆ,
ಸಾಮಾನೆಲ್ಲ ಇನ್ನೂ ದೋಣಿಯಲ್ಲಿ.
ಹೀಗೆಲ್ಲ ಹೇಳಬೇಕೆಂದಿದ್ದೆ.
ಹೇಳಿದ್ದು ಇಷ್ಟು: "ಫೀಸು ಬೇಡ. ಕಳಿಸಿ."

ಕುದುರೆಯಿಲ್ಲದ ಪಿಟೀಲು ಅವನ ಮಡಿಲಿಗೆ ಹಾಕಿದೆ.
ದೋಣಿ ಕಟ್ಟುವ ಮಾವ ಹಲಸಿನ ತುಂಡಲ್ಲಿ ಕುದುರೆ ಕೆತ್ತಿಕೊಟ್ಟನಂತೆ,
ತುಸು ದಪ್ಪ, ಅಲೆಗೂ ಜಗ್ಗದ ಜಾತಿ.
ಸತ್ಯ ಹೇಳುತ್ತೇನೆ, ಅವನ ಕಮಾನಿಗೆ
ಎಣ್ಣೆ ಕಾಣದ ಬಾಗಿಲಿನ ಗುಣ.
ಈ ಜನ್ಮದಲ್ಲಿ ಅವನು ಪಿಟೀಲುಗಾರ ಆಗಲಾರ.
ಆದರೆ ಪಾಠಕ್ಕೆ ಮೊದಲು ಸಣ್ಣವರೆಲ್ಲ
ತಮ್ಮ ತಮ್ಮ ಪಿಟೀಲು ಹಿಡಿದು ಅವನ ಮುಂದೆ ಸಾಲು:
ಬಿರಡೆಗೆ ಕೈ, ತಂತಿಗೆ ಕಿವಿ, ಕಣ್ಣು ಮುಚ್ಚಿ
ಒಂದೊಂದನ್ನೇ ಊರಿಗೆ ಮುಟ್ಟಿಸಿ ಕೊಡುತ್ತಾನೆ.
ಒಡೆದದ್ದು ಗಂಟಲು.
ಕಿವಿ ಅಲ್ಲೇ ಇತ್ತು.

ನಿನ್ನೆ ಮತ್ತೆ ಕರೆಂಟು ಹೋಯಿತು.
ಅಭ್ಯಾಸಬಲ, ಎಲ್ಲರ ಮುಖ ಅವನ ಕಡೆ.
ನಾನು ಕೇಳಲಿಲ್ಲ. ಕೇಳಬಾರದೆಂದೇ
ಪುಸ್ತಕದಲ್ಲಿ ಏನೋ ಹುಡುಕಿದೆ.
ಅವನು ಗಂಟಲು ಸರಿಮಾಡಿದ,
ತಪ್ಪಿದ, ಇನ್ನೂ ಕೆಳಗೆ ಹುಡುಕಿದ,
ಕಡೆಗೆ ಮಂಡಿಯ ನೆಲದಿಂದಲೇ ಎತ್ತಿದ ಹಾಗೆ
ಒಂದು ಸ ಬಂತು.
ಎರಡೋ ಎರಡೂವರೆಯೋ, ಅವನಿಗೇ ನಿಶ್ಚಯವಿಲ್ಲ,
ಅಂಚು ಇನ್ನೂ ಹಸಿ.

ವೆನಿಶಾ ಮಾತಿಲ್ಲದೆ ಬಿರಡೆ ಸಡಿಲಿಸಿದಳು.
ಉಳಿದವರೂ ಇಳಿದರು.
ಮಂಡಿ ಸಾಹುಕಾರರ ಮೊಮ್ಮಗಳು ಝುಲ್ಫಾ,
ಒಂದನೇ ಕ್ಲಾಸು, ಕೈ ಎತ್ತಿದಳು:
"ಮಿಸ್, ಇದು ಯಾರ ಮನೆ?"

ಕೆಳಗೆ ಗೋಣಿ ಬಿಚ್ಚಿದರು.
ಈ ಸಲ ಸೀನಿದ್ದು ನಾನು.