ಇಪ್ಪತ್ತನಾಲ್ಕು ಚೌಕದ ಹೆಂಗಸು

ಮೊದಲ ಸಲ ಬಿಡಿಸಿದಾಗ
ಗೂಟ ಹೊಡೆದ ಹಾಗೆ ನಿಂತಿದ್ದಳು.
ಎರಡು ಕಾಲೂ ಒಂದೇ ಉದ್ದ, ಎರಡು ಕೈಯೂ ಒಂದೇ ತೂಕ,
ಎಡವನ್ನು ಮಡಚಿ ಬಲಕ್ಕೆ ಒತ್ತಿದ ಅಚ್ಚು.
ಕಣ್ಣಿಗೇ ನಾಲ್ಕು ಪಿಕ್ಸೆಲ್ ಖರ್ಚು ಮಾಡಿದ್ದೆ,
ರೆಪ್ಪೆಗೆ ಇನ್ನೆರಡು.
ಮಿಕ್ಕ ಮೈಗೆ ಉಳಿದದ್ದು ಚಿಲ್ಲರೆ.

ಗ್ಡಿನಿಯಾದಲ್ಲಿ ಜನವರಿಯೆಂದರೆ
ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ.
ಐದನೇ ಮಹಡಿ, ಹೀಟರ್ ಮೇಲೆ ಒಣಗುವ ಕಾಲುಚೀಲ,
ಕಿಟಕಿಯಾಚೆ ಒಂದು ಕಡಲಕಾಗೆ
ನನ್ನ ಪರದೆಯನ್ನು ಒಕ್ಕಣ್ಣಲ್ಲಿ ನೋಡಿ
ಹಾರಿಹೋಯಿತು.

ಒತೀಲಿಯಾ ಪಕ್ಕದ ಮೇಜಿನಿಂದ ಬಾಗಿದಳು.
ಮೊದಲು ಏನೂ ಹೇಳಲಿಲ್ಲ,
ಬಣ್ಣದ ಡಬ್ಬಿ ಒತ್ತಿ
ಅವಳ ಮೈಯೆಲ್ಲ ಕಪ್ಪು ಸುರಿದಳು.
"ಈಗ ಹೇಳು, ಏನು ಮಾಡ್ತಿದ್ದಾಳೆ ಇವಳು?"
ನೋಡಿದೆ. ಬಾಟಲಿ.
ಮೀನಿನ ಪೆಟ್ಟಿಗೆ ಹೊತ್ತ ಬಾಟಲಿ.
"ಮಾರ್ಕೆಟ್ಟಿಗೆ ಹೋಗಿ ನೋಡಿ ಬಾ. ಮುಖ ನೋಡಬೇಡ."

ಮುಖ ನೋಡದೆ ಮನುಷ್ಯರನ್ನು ನೋಡುವುದು
ಕಳ್ಳತನ ಕಲಿತಷ್ಟೇ ಕಷ್ಟ.
ಹಾಲ್ಶ್ಕಾಳ ಮಳಿಗೆಯೆದುರು
ಬೇಡದ ಮೀನಿನ ದರ ಕೇಳುತ್ತ ನಿಂತೆ.
ಹೆರಿಂಗ್ ಪೆಟ್ಟಿಗೆ ಎತ್ತುವ ಮೊದಲು
ಒಂದು ಕ್ಷಣ ಅವಳು ಏನನ್ನೂ ಎತ್ತುವುದಿಲ್ಲ.
ಹಿಮ್ಮಡಿ ನೆಲವನ್ನು ವಿಚಾರಿಸುತ್ತದೆ,
ಸೊಂಟ ಭಾರದಿಂದ ಆಚೆ ಸರಿಯುತ್ತದೆ,
ಒಂದು ಹೆಗಲು ಇಳಿಯುತ್ತದೆ, ಇನ್ನೊಂದು ಲೆಕ್ಕ ಸರಿದೂಗಿಸುತ್ತದೆ,
ಕಟ್ಟಕಡೆಗೆ ತಲೆ
ಊರಿದ ಕಾಲಿಗೆ ನೇರ ಬಂದು ನಿಲ್ಲುತ್ತದೆ.
ಪೆಟ್ಟಿಗೆ ಏಳುವ ಹೊತ್ತಿಗೆ ಕೆಲಸ ಮುಗಿದಿರುತ್ತದೆ.

ಬಸ್ ಟಿಕೆಟ್ಟಿನ ಹಿಂದೆ ಗೀಚಿಕೊಂಡೆ:
ಒಂದು ಓರೆ ಗೆರೆ, ಅದರ ಮೇಲೆ ಎದುರು ಓರೆ.
ಅಷ್ಟೇ. ಉಳಿದದ್ದು ಮೀನಿನ ವಾಸನೆ.

ವಾಪಸು ಬಂದು ಕಣ್ಣು ಅಳಿಸಿದೆ. ಬಾಯಿಯನ್ನೂ.
ನಿಜದ ಮೈಯಲ್ಲಿ ತಲೆ ಏಳರಲ್ಲೊಂದು ಪಾಲು.
ಇಲ್ಲಿ ಆ ನ್ಯಾಯ ನಡೆಸಿದರೆ ತಲೆಗೆ ಮೂರೇ ಚೌಕ,
ಮೂರು ಚೌಕದಲ್ಲಿ
ಸ್ಕಾರ್ಫ್ ಸುತ್ತಿದ ಹೆಂಗಸೂ ಒಂದೇ, ಸಾಸಿವೆ ಕಾಳೂ ಒಂದೇ.
ಸುಳ್ಳು ಹೇಳಲೇಬೇಕು. ಏಳು ಕೊಟ್ಟೆ.
ಆದರೆ ತಲೆಗೆ ಕೊಟ್ಟ ಸಾಲವನ್ನು
ಕಾಲಿನಿಂದ ವಸೂಲಿ ಮಾಡಬೇಕು, ಸೊಂಟದಿಂದಲ್ಲ.
ಸೊಂಟ ಬಡವಾದರೆ ಎತ್ತುವುದು ಯಾವುದರಿಂದ?

ಸೊಂಟ ಒಂದು ಚೌಕ ಎಡಕ್ಕೆ. ಹೆಚ್ಚಾಯಿತು,
ಕುಣಿಯುವವಳಾದಳು.
ಅರ್ಧ ಚೌಕವೆಂಬುದು ಈ ಲೋಕದಲ್ಲಿಲ್ಲ.
ಅಂಚಿಗೊಂದು ನಸುಗಂದು ಇಟ್ಟು
ಅರ್ಧವೆಂದು ಕಣ್ಣನ್ನು ನಂಬಿಸಿದೆ.
ಮುಷ್ಟಿಗೆ ಎರಡು. ಹೆಬ್ಬೆರಳಿಗೆ ಬಿಡಿಗಾಸಿಲ್ಲ.
ಬಲ ಮಂಡಿ ಮಾತ್ರ ಏನು ಮಾಡಿದರೂ ಒಪ್ಪಲಿಲ್ಲ,
ಒಂದು ಚೌಕ ಒಳಕ್ಕೆ ತಳ್ಳಿದೆ,
ಯಾಕೆಂದು ನನಗೂ ಗೊತ್ತಿಲ್ಲ.
ಕಪ್ಪು ಸುರಿದು ನೋಡಿದೆ.
ಎತ್ತುತ್ತಿದ್ದಳು.

ಶನಿವಾರ ಫೋನಿನಲ್ಲಿ ತೋರಿಸಿದೆ.
ಹಾಲ್ಶ್ಕಾ ಒದ್ದೆ ಕೈ ಏಪ್ರನ್ನಿಗೆ ಒರೆಸಿ
"ಇಷ್ಟು ದೊಡ್ಡ ತಲೆಯೇನೋ ನನ್ನದು, ಹುಡುಗಾ" ಎಂದು ನಕ್ಕಳು.
ಆಮೇಲೆ ನಗದೆ
ಉಗುರಿನ ತುದಿಯಿಂದ ಒಂದು ಕಡೆ ಮುಟ್ಟಿದಳು:
"ಈ ಮಂಡಿ ನೋಯುತ್ತೆ ಅಂತ ನಿನಗೆ ಯಾರು ಹೇಳಿದರು?
ನನ್ನ ಮಗಳಿಗೇ ಗೊತ್ತಿಲ್ಲ."

ಸಾಲಿನಲ್ಲಿದ್ದ ಮುದುಕ ಕೆಮ್ಮಿದ. ಅರ್ಧ ಕಿಲೋ ಕಾಡ್ ಮೀನು.
ಅವಳು ತೂಗಿದಳು
ಎಡಗಾಲ ಮೇಲೆ ನಿಂತು.

ಆಟದೊಳಗೆ ಈಗ ಬೆಳಗು ಬೈಗು ಎತ್ತುತ್ತಾಳೆ,
ನಾಲ್ಕು ಚಿತ್ರ, ಮತ್ತೆ ಮೊದಲಿನಿಂದ.
ನಿನ್ನೆಯಿಂದ ಐದನೆಯದೊಂದು ಬಿಡಿಸುತ್ತಿದ್ದೇನೆ,
ಯಾರೂ ಕೇಳಿದ್ದಲ್ಲ:
ಕೂತ ಭಂಗಿ.

ಕೂರಿಸುವುದು ಇನ್ನೂ ಕಷ್ಟ.
ತೊಡೆ ನಮ್ಮ ಕಡೆಗೆ ತಿರುಗಿದ್ದೇ
ಅದರ ಉದ್ದವೆಲ್ಲ ಎಲ್ಲೋ ನುಂಗಿಹೋಗುತ್ತದೆ.
ಸ್ಟೂಲಿಗೆ ಮೂರು ಕಾಲು, ಜಾಗ ಎರಡಕ್ಕೆ.
ಒತೀಲಿಯಾ ಬಂದು ಕಪ್ಪು ಸುರಿದಳು.
"ಕಪ್ಪೆ" ಅಂದಳು.

ಅಳಿಸಿದೆ.
ಹಿಮ್ಮಡಿಯಿಂದ ಶುರು ಮಾಡಿದೆ.